ವಾಟರ್ ಸರ್ವಿಸ್ ಮೋಟರ್ ಪದೇಪದೇ ಸುಡುತ್ತಿದ್ದರೆ: ರಿವೈಂಡಿಂಗ್, ಹೊಸ ಮೋಟರ್, ತ್ರೀ ಫೇಸ್, ಪೆಟ್ರೋಲ್ ಎಂಜಿನ್, ಯಾವುದು ಯಾರಿಗೆ?

ಹಾವೇರಿಯವರು ಕೇಳಲಿ, ಲಕ್ಷ್ಮೇಶ್ವರದವರು ಕೇಳಲಿ, ಇಲ್ಲೇ ನಮ್ಮ ಹುಬ್ಬಳ್ಳಿ ಗಬ್ಬೂರ ಬೈಪಾಸಿನವರು ಕೇಳಲಿ, ಕಾರು ತೊಳೆಯುವ ಅಂಗಡಿಯವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಮೋಟರ್ ಮತ್ತ ಸುಟ್ಟೈತ್ರಿ ಅಣ್ಣಾರ. ಕಾಯಿಲ್ ಕಟ್ಟಸೂದೋ, ಹೊಸಾದ ತರೂದೋ?” ಕೆಲವರಿಗೆ ತ್ರೀ ಫೇಸ್ ತೆಗೆದುಕೊಳ್ಳುವ ಯೋಚನೆ. ಇನ್ನು ಕೆಲವರು ಕರೆಂಟಿನ ಸಹವಾಸವೇ ಬೇಡ ಎಂದು ಪೆಟ್ರೋಲ್ ಎಂಜಿನ್ ಕಡೆ ನೋಡುತ್ತಿರುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಅರ್ಧ ಜನರ ದುಡ್ಡು ಹಾಳಾಗುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯದು ಯಾಕೆ ಸುಟ್ಟಿತು ಎಂದು ನೋಡದೆ ತಂದ ಹೊಸ ಮೋಟರು ಅದೇ ಜಾಗದಲ್ಲಿ, ಅದೇ ಕಾರಣಕ್ಕೆ ಸುಡುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಅಳೆದು ನೋಡಬೇಕಾದ ನಾಲ್ಕೈದು ಸಂಗತಿಗಳಿವೆ.

ಮೊದಲು ವೋಲ್ಟೇಜ್

ಮೀಟರ್ ಬೋರ್ಡಿನ ಹತ್ತಿರ ಅಳೆದು “220 ಐತಿ, ಛಲೋ ಐತಿ” ಎಂದು ಸುಮ್ಮನಾಗುವವರೇ ಬಹಳ. ಅಳೆಯಬೇಕಾದದ್ದು ಮೋಟರಿನ ಟರ್ಮಿನಲ್ ಪೆಟ್ಟಿಗೆಯಲ್ಲಿ, ಗನ್ ಒತ್ತಿ ನೀರು ಹೊಡೆಯುತ್ತಿರುವ ಹೊತ್ತಿನಲ್ಲಿ. ಎಲೆಕ್ಟ್ರಿಷಿಯನ್ನರನ್ನು ಕರೆದು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಊರಿನ ದೀಪಗಳೆಲ್ಲ ಹತ್ತಿದ ಮೇಲೆ ಒಮ್ಮೆ ಅಳೆಸಿ. ಅದೇ ಹೊತ್ತಿಗೆ ಟಾಂಗ್ ಟೆಸ್ಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರು) ಹಾಕಿ ಆಂಪಿಯರ್ ಕೂಡ ಬರೆದುಕೊಳ್ಳಿ.

ಇದು ಯಾಕೆ ಮುಖ್ಯ ಎಂದರೆ, ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಬೇಕಾದಲ್ಲಿ 180 ಬಂದರೆ ಬಲ ಶೇಕಡಾ 61ಕ್ಕೆ ಬೀಳುತ್ತದೆ. ನಮ್ಮಲ್ಲಿ ಗಾಡಿ ತೊಳೆಯಲು ಬಳಸುವ ಮೂರು ಪಿಸ್ಟನ್ನಿನ ಬೆಲ್ಟ್ ಪಂಪು ಬೋರ್‌ವೆಲ್ ಪಂಪಿನಂತಲ್ಲ. ಅದು ಪ್ರತಿ ಸುತ್ತಿಗೂ ಅಷ್ಟೇ ನೀರನ್ನು ಅಷ್ಟೇ ಒತ್ತಡದಲ್ಲಿ ನೂಕಲೇಬೇಕು. ವೋಲ್ಟೇಜ್ ಇಳಿಯಿತೆಂದು ಪಂಪು ತನ್ನ ಬೇಡಿಕೆ ಕಡಿಮೆ ಮಾಡಿಕೊಳ್ಳುವುದಿಲ್ಲ. ಮೋಟರು ಹೆಚ್ಚು ಆಂಪಿಯರ್ ಎಳೆದು, ಕಾದು, ಕೊನೆಗೆ ಸುಡುತ್ತದೆ.

ವೋಲ್ಟೇಜ್ ಕಡಿಮೆ ಇದ್ದಾಗ ಹೆಸ್ಕಾಂ ಕಡೆ ಬೆರಳು ತೋರಿಸುವ ಮೊದಲು ನಿಮ್ಮದೇ ವೈರು ನೋಡಿ. ಮೀಟರಿನಿಂದ ಮೋಟರಿಗೆ 40 ಮೀಟರ್ ದೂರ, 2.5 ಚದರ ಮಿ.ಮೀ. ತಾಮ್ರದ ವೈರು, 3 ಎಚ್‌ಪಿ ಸಿಂಗಲ್ ಫೇಸ್ ಮೋಟರು ಎಂದುಕೊಳ್ಳಿ. ಮೋಟರು ಓಡುವಾಗ ಸುಮಾರು 15 ಆಂಪಿಯರ್ ಎಳೆಯುತ್ತದೆ. ಹೋಗಿ ಬರುವ ಎರಡೂ ಎಳೆ ಸೇರಿ ವೈರಿನಲ್ಲೇ ಸುಮಾರು 9 ವೋಲ್ಟ್ ಹೋಗುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಐದು ಪಟ್ಟು ಆಂಪಿಯರ್ ಬೇಕು, ಆಗ ಹೋಗುವುದು 44 ವೋಲ್ಟ್. ಬೋರ್ಡಿನಲ್ಲಿ 210 ಇದ್ದರೂ ಮೋಟರಿಗೆ ಸಿಗುವುದು 166. ಅದೇ ದೂರಕ್ಕೆ 4 ಚದರ ಮಿ.ಮೀ. ವೈರು ಎಳೆದರೆ ಆ ನಷ್ಟ ಸುಮಾರು 28 ವೋಲ್ಟಿಗೆ ಇಳಿಯುತ್ತದೆ. ಹೊಸ ಮೋಟರಿಗಿಂತ ಬಹಳ ಕಡಿಮೆ ಖರ್ಚಿನ ಕೆಲಸ ಇದು. ನಡುವೆ ತಿರುಚಿ ಟೇಪ್ ಸುತ್ತಿದ ಜೋಡಣೆಗಳಿದ್ದರೆ ಅವನ್ನೂ ತೆಗೆಸಿ. ಮೋಟರು ಓಡುವಾಗ ಜೋಡಣೆ ಬಿಸಿಯಾಗುತ್ತಿದೆ ಎಂದರೆ ಅಲ್ಲಿ ವೋಲ್ಟೇಜ್ ಸೋರುತ್ತಿದೆ ಎಂದೇ ಅರ್ಥ.

ಪಂಪು ಕೇಳುತ್ತಿರುವುದು ಎಷ್ಟು?

ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ಬಾರ್ ಒತ್ತಡ ಎನ್ನುವ ಎರಡು ಅಂಕಿ ಸಿಕ್ಕರೆ ಸಾಕು. ಎರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ ನೀರಿಗೆ ಬೇಕಾದ ಕಿಲೋವ್ಯಾಟ್ ಬರುತ್ತದೆ. 30 ಲೀಟರ್, 35 ಬಾರ್ ಆದರೆ 1.75. ಪಂಪು, ಬೆಲ್ಟುಗಳಲ್ಲಿ ಆಗುವ ನಷ್ಟಕ್ಕೆ ಅದನ್ನು 0.8ರಿಂದ ಭಾಗಿಸಿದರೆ ಸುಮಾರು 2.2 ಕಿಲೋವ್ಯಾಟ್, ಅಂದರೆ 3 ಎಚ್‌ಪಿ. ಇದೇ ಪಂಪಿನ ರೆಗ್ಯುಲೇಟರ್ ತಿರುವನ್ನು ಹುಡುಗರು “ಪ್ರೆಷರ್ ಸಾಲವಲ್ದು” ಎಂದು ಬಿಗಿ ಮಾಡಿ 45 ಬಾರಿಗೆ ಏರಿಸಿದರೆ ಬೇಡಿಕೆ 2.8 ಕಿಲೋವ್ಯಾಟ್ ಆಯಿತು. 3 ಎಚ್‌ಪಿ ಮೋಟರು ಆ ಹೊತ್ತಿನಿಂದಲೇ ಓವರ್‌ಲೋಡಿನಲ್ಲಿದೆ.

ಮೋಟರಿನ ಪುಲಿಯನ್ನು ದೊಡ್ಡದು ಮಾಡಿ ಪಂಪನ್ನು ಜೋರಾಗಿ ತಿರುಗಿಸುವುದೂ ಇದೇ ಪರಿಣಾಮ ಕೊಡುತ್ತದೆ. ಎಷ್ಟೋ ಕಡೆ ಮೋಟರಿನದು ಏನೂ ತಪ್ಪಿರುವುದಿಲ್ಲ. ಪಂಪಿನ ವಾಲ್ವಿನಲ್ಲಿ ಬೋರ್ ನೀರಿನ ಸುಣ್ಣ ಕಟ್ಟಿರುತ್ತದೆ, ಇಲ್ಲವೇ ನಾಝಲ್ ಸವೆದು ಒತ್ತಡ ಬಿದ್ದಿರುತ್ತದೆ. ಅದನ್ನು ಸರಿಮಾಡದೆ ತಿರುವು ಬಿಗಿ ಮಾಡುತ್ತ ಹೋದರೆ ಭಾರವೆಲ್ಲ ಮೋಟರಿನ ಮೇಲೆ ಬೀಳುತ್ತದೆ.

ಉಳಿದ ಮಾನದಂಡಗಳನ್ನು ಬೇಗ ಹೇಳುತ್ತೇನೆ. ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ಎಷ್ಟು ಸಲ ಸ್ಟಾರ್ಟ್ ಆಗುತ್ತದೆ? ಒಂದು ದಿನ ನಿಂತರೆ ಎಷ್ಟು ನಷ್ಟ? ಮಳೆಗಾಲದಲ್ಲಿ ಎರಿ ಮಣ್ಣಿನ ರಾಡಿ ಮೆತ್ತಿಕೊಂಡ ಟ್ರ್ಯಾಕ್ಟರುಗಳ ಸಾಲು ನಿಂತಾಗ, ಖಂಡೆ ಪೂಜೆಯ ಹಿಂದಿನ ದಿನ ಊರಿನ ಗಾಡಿಗಳೆಲ್ಲ ಬಾಗಿಲಿಗೆ ಬಂದಾಗ, ಒಂದು ದಿನದ ನಷ್ಟ ಕಾಯಿಲ್ ಕಟ್ಟಿಸುವ ಖರ್ಚನ್ನು ಮೀರುತ್ತದೆ. ಕೊನೆಯದಾಗಿ, ಜಾಗ ಸ್ವಂತದ್ದೋ ಬಾಡಿಗೆಯದೋ? ವರ್ಷದ ಕರಾರಿನ ಜಾಗದಲ್ಲಿ ಮಾಡುವ ಖರ್ಚು ಬೇರೆ, ಸ್ವಂತ ಜಾಗದಲ್ಲಿ ಮಾಡುವುದು ಬೇರೆ.

ಸುಟ್ಟ ಕಾಯಿಲನ್ನು ಕಣ್ಣಾರೆ ನೋಡಿ

ಮೋಟರನ್ನು ರಿವೈಂಡಿಂಗ್ ಅಂಗಡಿಯಲ್ಲಿ ಬಿಟ್ಟು ಹೋಗಬೇಡಿ. ಕವರ್ ಬಿಚ್ಚುವವರೆಗೆ ಅಲ್ಲೇ ನಿಂತಿರಿ. ಸುಟ್ಟ ಕಾಯಿಲಿನಲ್ಲಿ ಕಾರಣ ಕಣ್ಣಿಗೆ ಕಾಣುತ್ತದೆ.

ಸಿಂಗಲ್ ಫೇಸಿನಲ್ಲಿ ಸ್ಟಾರ್ಟಿಂಗ್ ಕಾಯಿಲ್ ಮಾತ್ರ ಇದ್ದಿಲಿನಷ್ಟು ಕಪ್ಪಾಗಿ, ರನ್ನಿಂಗ್ ಕಾಯಿಲ್ ಇನ್ನೂ ಕೆಂಪುತಾಮ್ರದ ಬಣ್ಣದಲ್ಲೇ ಇದ್ದರೆ, ಮೋಟರು ವೇಗ ಹಿಡಿದ ಮೇಲೂ ಆ ಕಾಯಿಲ್ ಕಳಚಿಕೊಂಡಿಲ್ಲ. ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಅಂಟಿಕೊಂಡಿರಬೇಕು, ಇಲ್ಲವೇ ವೋಲ್ಟೇಜ್ ಸಾಲದೆ ಸ್ವಿಚ್ ಬಿಡುವ ವೇಗಕ್ಕೇ ಮೋಟರು ಏರಿರಲಿಕ್ಕಿಲ್ಲ. ಸುತ್ತಲೂ ಒಂದೇ ಸಮನೆ ಕಪ್ಪಾಗಿದ್ದರೆ ಓವರ್‌ಲೋಡ್ ಅಥವಾ ದೀರ್ಘಕಾಲದ ಲೋ ವೋಲ್ಟೇಜ್. ಒಂದೇ ಕಡೆ ಚುಕ್ಕೆಯಂತೆ ಸುಟ್ಟು, ಅದರ ಕೆಳಗೆ ತುಕ್ಕಿನ ಗೆರೆ ಕಂಡರೆ ಒಳಗೆ ನೀರು ಹೋಗಿದೆ. ತ್ರೀ ಫೇಸ್ ಮೋಟರಿನಲ್ಲಿ ಕೆಲವು ಗುಂಪು ಕಪ್ಪಾಗಿ ಕೆಲವು ಹೊಸದರಂತೆ ಉಳಿದಿದ್ದರೆ ಒಂದು ಫೇಸ್ ಹೋದಾಗಲೂ ಮೋಟರ್ ಓಡಿದೆ: ಸ್ಟಾರ್ ಜೋಡಣೆಯಲ್ಲಿ (ಮೂರೂ ಕಾಯಿಲಿನ ಒಂದೊಂದು ತುದಿ ಒಂದೇ ಕಡೆ ಕೂಡುವಂಥದ್ದು) ಎರಡು ಫೇಸಿನ ಕಾಯಿಲ್ ಸುಟ್ಟು ಒಂದು ಉಳಿಯುತ್ತದೆ, ಡೆಲ್ಟಾದಲ್ಲಿ (ಮೂರನ್ನೂ ತ್ರಿಕೋನದಂತೆ ಜೋಡಿಸಿದ್ದು) ಒಂದು ಸುಟ್ಟು ಎರಡು ಉಳಿಯುತ್ತವೆ.

ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಸುಟ್ಟಾಗ ಎರಡನ್ನೂ ಪಕ್ಕಪಕ್ಕ ನೋಡಬಹುದು.

ರಿವೈಂಡಿಂಗ್

ಮೋಟರು ಒಳ್ಳೆಯ ಬಾಡಿಯದಾಗಿದ್ದರೆ, ಮೊದಲ ಸಲ ಸುಟ್ಟಿದ್ದರೆ, ಕಾರಣ ಗೊತ್ತಾಗಿದ್ದರೆ, ಕಾಯಿಲ್ ಕಟ್ಟಿಸುವುದೇ ಲಾಭ. ನೆನಪಿರಲಿ, ಗುಂಯ್ ಅಂದು ಏಳದ ಸಿಂಗಲ್ ಫೇಸ್ ಮೋಟರೆಲ್ಲ ಸುಟ್ಟದ್ದಲ್ಲ. ಕೆಪ್ಯಾಸಿಟರ್ ಸತ್ತಿರಬಹುದು, ಇಲ್ಲವೇ ಸ್ವಿಚ್ಚಿನ ಪಾಯಿಂಟ್ ಸವೆದಿರಬಹುದು. ಇವೆರಡೂ ಸಣ್ಣ ಖರ್ಚು.

ಕಟ್ಟಿಸುವಾಗ ಮೂರು ಮಾತು ಒತ್ತಿ ಹೇಳಿ. ಹಳೆಯ ಕಾಯಿಲಿನ ಗೇಜ್, ಸುತ್ತುಗಳ ಸಂಖ್ಯೆ ಎರಡನ್ನೂ ಎಣಿಸಿ ಅಷ್ಟನ್ನೇ ಹಾಕಬೇಕು, ತಾಮ್ರವನ್ನೇ ಹಾಕಬೇಕು. ಹಳೆಯ ಕಾಯಿಲ್ ತೆಗೆಯಲು ಸ್ಟೇಟರನ್ನು (ಕಾಯಿಲ್ ಕೂರುವ ಕಬ್ಬಿಣದ ಭಾಗ) ಬೆಂಕಿಗೆ ಹಿಡಿಯಬಾರದು. ಹಿಡಿದರೆ ಸ್ಟ್ಯಾಂಪಿಂಗಿನ (ಅದರ ತೆಳು ತಗಡುಗಳ) ಪದರಗಳ ನಡುವಿನ ಇನ್ಸುಲೇಷನ್ ಹಾಳಾಗಿ, ಮುಂದೆ ಲೋಡ್ ಇಲ್ಲದಿದ್ದರೂ ಮೋಟರು ಕಾಯುತ್ತದೆ. ವಾರ್ನಿಶ್ ಹಾಕಿದ ಮೇಲೆ ಪೂರ್ತಿ ಒಣಗಿಸಿ ಕೊಡಬೇಕು. ಖಂಡೆ ಪೂಜೆಯ ಅವಸರದಲ್ಲಿ “ಸಂಜಿಕ ಕೊಡ್ರಿ” ಎಂದು ಕಾಡಿದರೆ ಹಸಿ ವಾರ್ನಿಶ್ಶಿನ ಮೋಟರೇ ಕೈಗೆ ಬರುತ್ತದೆ. ಬೇರಿಂಗನ್ನೂ ಅದೇ ಹೊತ್ತಿಗೆ ಬದಲಿಸಿ, ತಗಡಿನ ಮುಚ್ಚಳದ್ದರ ಬದಲು ರಬ್ಬರ್ ಸೀಲಿನ ಬೇರಿಂಗ್ ಕೇಳಿ. ನೀರು ಸಿಡಿಯುವ ಜಾಗಕ್ಕೆ ಅದೇ ಸರಿ.

ನನ್ನ ಲೆಕ್ಕ ಇಷ್ಟು: ರಿವೈಂಡಿಂಗ್, ಬೇರಿಂಗ್, ಕೆಪ್ಯಾಸಿಟರ್ ಸೇರಿ ಖರ್ಚು ಹೊಸ ಮೋಟರಿನ ಅರ್ಧ ಬೆಲೆ ದಾಟಿದರೆ ಹೊಸದು ತನ್ನಿ. ಒಂದೇ ಸ್ಟೇಟರಿಗೆ ಮೂರನೆಯ ಸಲ ಕಾಯಿಲ್ ಕಟ್ಟಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಹೊಸ ಸಿಂಗಲ್ ಫೇಸ್ ಮೋಟರ್

ದಿನಕ್ಕೆ ಏಳೆಂಟು ಗಾಡಿ, ಬಾಡಿಗೆ ಜಾಗ, ಸುಮಾರಾದ ವೋಲ್ಟೇಜ್. ಇಂಥಲ್ಲಿ 2 ಎಚ್‌ಪಿ ಸಿಂಗಲ್ ಫೇಸ್ ಮೋಟರು ಸಾಕು, ಆದರೆ ಪಂಪೂ ಅದಕ್ಕೆ ತಕ್ಕದ್ದಿರಲಿ. 3 ಎಚ್‌ಪಿ ಸಿಂಗಲ್ ಫೇಸ್ ಸಿಗುತ್ತದೆ, ಓಡುತ್ತದೆ. ಆದರೂ ಅಷ್ಟೂ ಆಂಪಿಯರ್ ಒಂದೇ ಫೇಸಿನ ಮೇಲೆ ಬೀಳುವುದರಿಂದ ಡಿಮ್ ಕರೆಂಟಿನ ಊರಿನಲ್ಲಿ ಮೊದಲು ಸೋಲುವುದು ಅದೇ.

ಕೊಳ್ಳುವಾಗ ತಾಮ್ರದ ವೈಂಡಿಂಗ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಲ್ಯೂಮಿನಿಯಂ ವೈಂಡಿಂಗಿನವು ಬೆಲೆಯಲ್ಲಿ ಆಸೆ ಹುಟ್ಟಿಸುತ್ತವೆ. ನೇಮ್‌ಪ್ಲೇಟಿನಲ್ಲಿ ಐಪಿ 55 ಇದೆಯೇ ನೋಡಿ. ಐಪಿ 55 ಎಂದರೆ ಧೂಳಿಗೂ ಸಾಮಾನ್ಯ ನೀರಿನ ಚಿಮ್ಮುವಿಕೆಗೂ ತಡೆ, ನಿಮ್ಮ 35 ಬಾರ್ ಗನ್ನಿಗಲ್ಲ. ಮೋಟರಿಗೆ ಗೋಡೆಯ ಮರೆ, ಮೇಲೊಂದು ತಗಡು, ಕೆಳಗೆ ಒಂದು ಮೊಳ ಎತ್ತರದ ಕಟ್ಟೆ ಬೇಕೇ ಬೇಕು. ಗಾಳಿ ಆಡಲಿ ಎಂದು ಫ್ಯಾನಿನ ಹಿಂದೆ ಜಾಗ ಬಿಡಿ. ಮೋಟರಿನ ಮೇಲೆ ಒದ್ದೆ ಗೋಣಿಚೀಲ ಹೊದಿಸುವುದನ್ನು ದಯವಿಟ್ಟು ಬಿಟ್ಟುಬಿಡಿ.

ಕೈಯಲ್ಲಿ ಹಿಡಿದು ಒಯ್ಯುವ ಸಣ್ಣ ಪ್ರೆಷರ್ ವಾಷರುಗಳನ್ನು ಅಂಗಡಿಗೆ ತರಬೇಡಿ. ಅವುಗಳಲ್ಲಿ ಬಹುಪಾಲಿನಲ್ಲಿ ಕಾರ್ಬನ್ ಬ್ರಷ್ಷಿನ ಮೋಟರ್ ಇರುತ್ತದೆ. ಮನೆಯ ಒಂದು ಕಾರಿಗೆ, ವಾರಕ್ಕೊಮ್ಮೆ, ಸರಿ.

ತ್ರೀ ಫೇಸ್

ದಿನವಿಡೀ ಗಾಡಿ ಬರುವ ಅಂಗಡಿಗೆ ನನ್ನ ಆಯ್ಕೆ ಇದೇ. ಅದೇ 3 ಎಚ್‌ಪಿ ಮೋಟರು ತ್ರೀ ಫೇಸಿನಲ್ಲಿ ಪ್ರತಿ ಎಳೆಗೆ ಸುಮಾರು 5 ಆಂಪಿಯರ್ ಮಾತ್ರ ಎಳೆಯುತ್ತದೆ. ವೈರಿನ ನಷ್ಟ ಇಳಿಯಿತು. ಒಳಗೆ ಕೆಪ್ಯಾಸಿಟರ್ ಇಲ್ಲ, ಸೆಂಟ್ರಿಫ್ಯೂಗಲ್ ಸ್ವಿಚ್ ಇಲ್ಲ, ಅಂದರೆ ಕೆಡುವ ಎರಡು ಭಾಗ ಕಡಿಮೆ. ಮೋಟರಿನ ಬೆಲೆಯೂ ಅದೇ ಎಚ್‌ಪಿಯ ಸಿಂಗಲ್ ಫೇಸಿಗಿಂತ ಸಾಮಾನ್ಯವಾಗಿ ಹೆಚ್ಚಿರುವುದಿಲ್ಲ.

ಖರ್ಚಿರುವುದು ಸಂಪರ್ಕದಲ್ಲಿ. ಸೆಕ್ಷನ್ ಆಫೀಸಿಗೆ ಅರ್ಜಿ, ಠೇವಣಿ, ಹೊಸ ಮೀಟರು, ಮಂಜೂರಾದ ಲೋಡಿಗೆ ತಕ್ಕ ತಿಂಗಳ ನಿಗದಿತ ಶುಲ್ಕ. ಬಾಡಿಗೆ ಜಾಗವಾದರೆ ಮಾಲೀಕರ ಒಪ್ಪಿಗೆ ಪತ್ರ. ಗಾಡಿ ಬಂದರೂ ಬಾರದಿದ್ದರೂ ನಿಗದಿತ ಶುಲ್ಕ ಬರುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಹೆದ್ದಾರಿ 48ರ ಮೇಲೆ ಶಿಗ್ಗಾವಿಯಿಂದ ರಾಣೆಬೆನ್ನೂರಿನವರೆಗೆ, ಇತ್ತ ಗದಗ ರಸ್ತೆಯ ಮೇಲೆ ಊರಾಚೆ ಅಂಗಡಿ ಹಾಕಿರುವವರು ಇನ್ನೊಂದು ವಿಷಯ ಕೇಳಿಕೊಳ್ಳಬೇಕು: ನಿಮ್ಮ ಮುಂದಿನ ಕಂಬದ ಲೈನು ಯಾವ ಫೀಡರಿನದು (ಸಬ್‌ಸ್ಟೇಷನ್ನಿನಿಂದ ಹೊರಡುವ ಮುಖ್ಯ ಲೈನು)? ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರನ್ನೂ ನೀರಾವರಿ ಪಂಪ್‌ಸೆಟ್ಟಿನ ಫೀಡರನ್ನೂ ಬೇರೆ ಮಾಡಿದ್ದಾರೆ. ಪಂಪ್‌ಸೆಟ್ ಫೀಡರಿನಲ್ಲಿ ತ್ರೀ ಫೇಸ್ ಬರುವುದು ದಿನದ ಕೆಲವೇ ಗಂಟೆ, ಅದೂ ಪಾಳಿಯಲ್ಲಿ. ಆ ಲೈನು ನಂಬಿ ತ್ರೀ ಫೇಸ್ ಮೋಟರ್ ಹಾಕಿದರೆ ರಾತ್ರಿ ಗಾಡಿ ತೊಳೆಯಬೇಕಾದೀತು. ಲೈನ್‌ಮನ್ನರನ್ನು ಕೇಳಿದರೆ ಹೇಳುತ್ತಾರೆ.

ತ್ರೀ ಫೇಸ್ ಮೋಟರಿನ ದೊಡ್ಡ ಶತ್ರು ಒಂದು ಫೇಸ್ ಹೋಗುವುದು. ಮೋಟರು ನಿಲ್ಲದೆ, ಉಳಿದ ಎರಡರ ಮೇಲೆ ನರಳುತ್ತ ಓಡಿ ಸುಡುತ್ತದೆ. ಡಿಓಎಲ್ ಸ್ಟಾರ್ಟರಿನ (ಮೋಟರನ್ನು ನೇರವಾಗಿ ಲೈನಿಗೆ ಜೋಡಿಸಿ ಎಬ್ಬಿಸುವ ಸ್ಟಾರ್ಟರು) ಜೊತೆ, ಒಂದು ಫೇಸ್ ಹೋದ ಕೂಡಲೇ ಮೋಟರ್ ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಿ, ಓವರ್‌ಲೋಡ್ ರಿಲೇಯನ್ನು ನೇಮ್‌ಪ್ಲೇಟಿನ ಆಂಪಿಯರಿಗೆ ಕೂಡಿಸಿ. ರಿಲೇ ಪದೇಪದೇ ಬೀಳುತ್ತದೆ ಎಂದು ಅದರ ಗುಂಡಿಯನ್ನು ಮೇಲಕ್ಕೆ ತಿರುಗಿಸುವುದು, ಸ್ಟಾರ್ಟರಿಗೆ ಕಡ್ಡಿ ಸಿಕ್ಕಿಸುವುದು ಬೇಡ. ರಿಲೇ ಬೀಳುತ್ತಿದ್ದರೆ ಲೋಡ್ ಹೆಚ್ಚಾಗಿದೆಯೇ, ವೋಲ್ಟೇಜ್ ಕಡಿಮೆಯಿದೆಯೇ ನೋಡಿ.

ಸಿಂಗಲ್ ಫೇಸ್ ಲೈನಿನಲ್ಲೇ ತ್ರೀ ಫೇಸ್ ಮೋಟರ್: ವಿಎಫ್‌ಡಿ

ವಿಎಫ್‌ಡಿ ಎಂದರೆ ಮೋಟರಿಗೆ ಹೋಗುವ ಕರೆಂಟನ್ನು ಬದಲಿಸಿ ಅದರ ವೇಗ ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ತ್ರೀ ಫೇಸ್ ಸಂಪರ್ಕ ಸಿಗದವರಿಗೆ ಇದೊಂದು ನಡುದಾರಿ. 230 ವೋಲ್ಟ್ ಸಿಂಗಲ್ ಫೇಸ್ ಒಳಗೆ, 230 ವೋಲ್ಟ್ ತ್ರೀ ಫೇಸ್ ಹೊರಗೆ. ಮೋಟರನ್ನು ಮೆಲ್ಲಗೆ ಏರಿಸುವುದರಿಂದ ಸ್ಟಾರ್ಟಿನ ಐದು ಪಟ್ಟು ಆಂಪಿಯರಿನ ಹೊಡೆತವೇ ಇರುವುದಿಲ್ಲ. ವೋಲ್ಟೇಜ್ ತೀರ ಇಳಿದರೆ ಅದು ತಾನೇ ಟ್ರಿಪ್ ಆಗುತ್ತದೆ, ಮೋಟರು ಉಳಿಯುತ್ತದೆ. ಸಾಲುಸಾಲು ಗಾಡಿಗೆ ನಿಲ್ಲಿಸಿ ಎಬ್ಬಿಸುವ ನಮ್ಮ ಕೆಲಸಕ್ಕೆ ಇದು ಬಹಳ ಹೊಂದುತ್ತದೆ.

ಆದರೆ ಮೋಟರ್ ಆರಿಸುವಾಗ ಎಚ್ಚರ. ನಮ್ಮಲ್ಲಿ 3 ಎಚ್‌ಪಿವರೆಗಿನ ತ್ರೀ ಫೇಸ್ ಮೋಟರುಗಳು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿ ಬರುತ್ತವೆ. ಅದನ್ನೇ ಡೆಲ್ಟಾಕ್ಕೆ ಬದಲಿಸಿದರೆ 230–240 ವೋಲ್ಟಿನಲ್ಲಿ ಪೂರ್ತಿ ಬಲ ಕೊಡುತ್ತದೆ. ಬದಲಿಸಲು ಟರ್ಮಿನಲ್ ಪೆಟ್ಟಿಗೆಯಲ್ಲಿ ಆರು ತುದಿ ಹೊರಗಿರಬೇಕು. ಮೂರೇ ಇದ್ದರೆ ಸ್ಟಾರ್ ಒಳಗೇ ಕಟ್ಟಿದ್ದಾರೆ ಎಂದರ್ಥ. ಮೋಟರು ಬಿಚ್ಚಿ ತುದಿಗಳನ್ನು ಹೊರಗೆ ತರಿಸಬೇಕು. ಇನ್ನು 3 ಎಚ್‌ಪಿ ವಿಎಫ್‌ಡಿ ತುಂಬ ಲೋಡಿನಲ್ಲಿ ಲೈನಿನಿಂದ 20 ಆಂಪಿಯರಿಗೂ ಮೇಲೆ ಎಳೆಯಬಲ್ಲದು, ಹಾಗಾಗಿ ದಪ್ಪ ವೈರು ಇಲ್ಲಿಯೂ ಬೇಕು. ಪೆಟ್ಟಿಗೆಯನ್ನು ಒಣ ಕೋಣೆಯಲ್ಲಿ ಕೂಡಿಸಿ. ತೇವವೂ ಧೂಳೂ ಸೇರಿದರೆ ಒಳಗಿನ ಬೋರ್ಡ್ ಹೋಗುತ್ತದೆ, ಅದರ ರಿಪೇರಿ ರಿವೈಂಡಿಂಗಿನಷ್ಟು ಅಗ್ಗವಲ್ಲ, ಊರೂರಿಗೆ ಸಿಗುವಂಥದ್ದೂ ಅಲ್ಲ.

ಸ್ಟೆಬಿಲೈಸರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಬೀದಿಯ ಲೈನಿನಲ್ಲೇ ವೋಲ್ಟೇಜ್ ಕಡಿಮೆ ಇದ್ದು, ನಿಮ್ಮ ವೈರು ದಪ್ಪ ಇದ್ದರೆ ಮಾತ್ರ ಅದು ಉಪಯೋಗ. ವೋಲ್ಟೇಜ್ ಏರಿಸಲು ಅದು ಲೈನಿನಿಂದ ಇನ್ನಷ್ಟು ಆಂಪಿಯರ್ ಎಳೆಯುತ್ತದೆ, ಸಣ್ಣ ವೈರಿದ್ದರೆ ನಷ್ಟವೂ ಅಷ್ಟೇ ಏರುತ್ತದೆ. ಸ್ಟಾರ್ಟಿನ ಹೊಡೆತ ತಡೆಯುವಷ್ಟು ದೊಡ್ಡದು ತಂದರೆ ಬೆಲೆ ವಿಎಫ್‌ಡಿಯ ಹತ್ತಿರ ಹೋಗುತ್ತದೆ. ಆ ದುಡ್ಡಿಗೆ ನಾನಾದರೆ ವಿಎಫ್‌ಡಿಯನ್ನೇ ಕೂಡಿಸುತ್ತೇನೆ.

ಪೆಟ್ರೋಲ್ ಎಂಜಿನ್, ಜನರೇಟರ್

5.5 ಎಚ್‌ಪಿ ದರ್ಜೆಯ ಪೆಟ್ರೋಲ್ ಎಂಜಿನ್ ಲೋಡಿನಲ್ಲಿ ಗಂಟೆಗೆ ಒಂದರಿಂದ ಒಂದೂವರೆ ಲೀಟರ್ ಕುಡಿಯುತ್ತದೆ. 3 ಎಚ್‌ಪಿ ಮೋಟರು ಅದೇ ಗಂಟೆಗೆ ಮೂರು ಯೂನಿಟ್ಟಿನೊಳಗೆ ಕೆಲಸ ಮುಗಿಸುತ್ತದೆ. ನಿಮ್ಮ ಬಿಲ್ಲಿನ ಯೂನಿಟ್ ದರ ಹಾಕಿ ಗುಣಿಸಿ ನೋಡಿ, ದಿನವೂ ಎಂಜಿನ್ನಿನ ಮೇಲೆ ಅಂಗಡಿ ನಡೆಸುವುದು ಕಷ್ಟ ಎಂದು ನಿಮಗೇ ಕಾಣುತ್ತದೆ. ಸದ್ದು ಬೇರೆ. ಮುಚ್ಚಿದ ಶೆಡ್ಡಿನಲ್ಲಿ ಅದರ ಹೊಗೆ ಪ್ರಾಣಕ್ಕೆ ಅಪಾಯ.

ಆಪತ್ತಿಗೆ ಮಾತ್ರ ಎಂಜಿನ್ನಿನಷ್ಟು ನಂಬಿಗಸ್ತ ಇನ್ನೊಂದಿಲ್ಲ. ಪಂಪಿನ ಒಂದು ಬದಿಗೆ ಮೋಟರು, ಇನ್ನೊಂದು ಬದಿಗೆ ಎಂಜಿನ್ ಇರುವಂತೆ ಬೆಡ್ ಮಾಡಿಸಿಕೊಂಡರೆ ಬೆಲ್ಟ್ ಬದಲಿಸಿ ಹತ್ತು ನಿಮಿಷದಲ್ಲಿ ಕೆಲಸ ಮುಂದುವರಿಯುತ್ತದೆ. ಎಂಜಿನ್ ನಿಮಿಷಕ್ಕೆ 3600 ಸುತ್ತಿನದು, ಮೋಟರು 1440ರದು. ಎಂಜಿನ್ನಿಗೆ ಬೇರೆ, ಸಣ್ಣ ಪುಲಿ ಬೇಕು. ಮೋಟರಿನ ಪುಲಿಯನ್ನೇ ಹಾಕಿದರೆ ಪಂಪು ಹಾಳಾಗುತ್ತದೆ. ಜನರೇಟರ್ ತರುವವರು 3 ಎಚ್‌ಪಿ ಮೋಟರಿಗೆ 7.5 ಕೆವಿಎಗಿಂತ ಕಡಿಮೆಯದು ನೋಡಬೇಡಿ, ಸ್ಟಾರ್ಟಿನ ಹೊಡೆತಕ್ಕೆ ಅಷ್ಟು ಬೇಕು. ಬರೀ ಗಾಡಿ ತೊಳೆಯುವುದಕ್ಕಾದರೆ ಎಂಜಿನ್ನೇ ಅಗ್ಗ. ದೀಪ, ವ್ಯಾಕ್ಯೂಮ್, ಗಾಳಿ ತುಂಬುವ ಕಂಪ್ರೆಸರ್ ಎಲ್ಲ ಇದ್ದರೆ ಜನರೇಟರ್.

ಹಾಗಾದರೆ ಯಾರಿಗೆ ಯಾವುದು?

ಕೈಯಲ್ಲಿ ದುಡ್ಡು ಕಡಿಮೆ, ಬಾಡಿಗೆ ಜಾಗ, ಗಾಡಿ ಕಡಿಮೆ: ವೈರು ದಪ್ಪ ಮಾಡಿಸಿ, ಮೋಟರ್ ರಿವೈಂಡ್ ಮಾಡಿಸಿ, ಒತ್ತಡ ಹದಕ್ಕೆ ಇಳಿಸಿ. ಈ ಮೂರರಲ್ಲೇ ವರ್ಷ ದಾಟುತ್ತದೆ.

ಊರೊಳಗೆ ಸ್ವಂತ ಜಾಗ, ಬೆಳಗಿನಿಂದ ಸಂಜೆವರೆಗೆ ಗಾಡಿ: ತ್ರೀ ಫೇಸ್ ಸಂಪರ್ಕ, ಐಪಿ 55 ಮೋಟರ್, ಪ್ರಿವೆಂಟರ್ ಇರುವ ಸ್ಟಾರ್ಟರ್. ಹಳೆಯ ಸಿಂಗಲ್ ಫೇಸ್ ಮೋಟರನ್ನು ಗುಜರಿಗೆ ಹಾಕದೆ ಕಟ್ಟಿಸಿ ಆಪತ್ತಿಗೆ ಇಟ್ಟುಕೊಳ್ಳಿ.

ತ್ರೀ ಫೇಸ್ ಸಿಗುವುದಿಲ್ಲ, ಗಾಡಿ ಮಾತ್ರ ಬಹಳ: ವಿಎಫ್‌ಡಿ. ಹೆದ್ದಾರಿಯ ಮೇಲೆ, ಕರೆಂಟು ಗಂಟೆಗಟ್ಟಲೆ ಹೋಗುವಲ್ಲಿ: ಮೋಟರಿನ ಜೊತೆಗೆ ಪೆಟ್ರೋಲ್ ಎಂಜಿನ್.

ಯಾವುದನ್ನೇ ತಂದರೂ ಹುಡುಗರಿಗೆ ಎರಡು ಕಲಿಸಿ. ಮೋಟರ್ ಎಬ್ಬಿಸುವಾಗ ಪಂಪಿನ ಬೈಪಾಸ್ (ನೀರನ್ನು ಒತ್ತಡವಿಲ್ಲದೆ ಮರಳಿಸುವ ದಾರಿ) ತೆರೆದಿರಬೇಕು, ಇಲ್ಲವೇ ಗನ್ ಒತ್ತಿ ಹಿಡಿದಿರಬೇಕು. ಒತ್ತಡದ ಮೇಲೆ ಎಬ್ಬಿಸಬಾರದು. ಸೋಪು ಹಚ್ಚುವ ಒಂದೆರಡು ನಿಮಿಷಕ್ಕೆ ಮೋಟರ್ ಬಂದ್ ಮಾಡುವ ಬದಲು ಬೈಪಾಸಿನಲ್ಲಿ ಬಿಟ್ಟರೆ ದಿನಕ್ಕೆ ಎಷ್ಟೋ ಸ್ಟಾರ್ಟ್ ಉಳಿಯುತ್ತವೆ.

ಇನ್ನು ಪ್ರಾಣದ ವಿಷಯ. ಒದ್ದೆ ನೆಲದ ಮೇಲೆ, ಒದ್ದೆ ಕಾಲಿನಲ್ಲಿ, ಬೆಳಗಿನಿಂದ ನಿಂತು ಕೆಲಸ ಮಾಡುವ ಹುಡುಗರಿರುವ ಜಾಗ ಇದು. ಮೋಟರಿನ ಬಾಡಿಗೆ ಸರಿಯಾದ ಅರ್ಥಿಂಗ್, ಲೈನಿಗೆ, ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಒಂದು ದಿನವೂ ನಡೆಸಬೇಡಿ. ವಿಎಫ್‌ಡಿ ಇದ್ದಲ್ಲಿ ಸಾಮಾನ್ಯ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳಬಹುದು. ಹಾಗಾದರೆ ತೆಗೆದು ಬೈಪಾಸ್ ಮಾಡಬೇಡಿ, ವಿಎಫ್‌ಡಿಗೆ ಹೊಂದುವ ನಮೂನೆಯದನ್ನು ಕೇಳಿ ಹಾಕಿಸಿ. ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ ನೋಡಿ. ಒತ್ತಿದ ತಕ್ಷಣ ಕರೆಂಟ್ ಹೋಗದಿದ್ದರೆ ಅವತ್ತೇ ಬದಲಿಸಿ.